ಬಾಗಿಲಿಗೆ ಒಂದೇ ಕೀಲಿಕೈ

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಪಾರ್ಕಿನಲ್ಲಿ ನಿವೃತ್ತ ಮೇಷ್ಟ್ರು ಕೇಳಿದ್ದು ಇನ್ನೂ ತಲೆ ತಿನ್ನುತ್ತಿದೆ. "ವಯಸ್ಸು ವಾಪಸ್ ಕೊಡ್ತೀವಿ, ಈ ಆರಾಮೆಲ್ಲ ಬಿಟ್ಕೊಡಿ ಅಂದ್ರೆ ಏನ್ಮಾಡ್ತೀರಿ?"

ಎಲ್ಲರಿಗಿಂತ ಮೊದಲು ನಾನೇ ಅಂದೆ, "ಬೇಡಪ್ಪಾ, ಮತ್ತೆ ಆ ಮಿಲ್ಲಿನ ಸೈರನ್ನಿಗೆ ಓಡೋಕೆ ನನ್ನಿಂದಾಗಲ್ಲ." ಎಲ್ಲರೂ ನಕ್ಕರು. ನಮ್ಮ ಯಜಮಾನರು ಮಾತ್ರ ನಗಲಿಲ್ಲ.

ಆಗ ಇಬ್ಬರೂ ಅದೇ ಬಟ್ಟೆ ಮಿಲ್ಲಿನಲ್ಲಿ. ಇವರಿಗೆ ರಾತ್ರಿ ಪಾಳಿ, ನನಗೆ ಹಗಲು. ಮನೆಗೆ ಇದ್ದದ್ದು ಒಂದೇ ಕೀಲಿಕೈ. ಬೆಳಿಗ್ಗೆ ನಾನು ಮಿಲ್ಲಿನೊಳಗೆ ಹೋಗುವಾಗ, ತಲೆತುಂಬ ಹತ್ತಿ ಧೂಳು ಹೊತ್ತು ಹೊರಬರುತ್ತಿದ್ದ ಇವರ ಕೈಗೆ ಗೇಟಿನಲ್ಲೇ ಕೊಡುತ್ತಿದ್ದೆ. "ಊಟ ಮುಚ್ಚಿಟ್ಟಿದೀನಿ." "ಹ್ಞೂಂ, ಹುಷಾರು." ಅಷ್ಟೇ ಸಂಸಾರ. ಆದರೂ ಹಿಡಿದ ಕೈ ಬಿಡಲು ಇಬ್ಬರಿಗೂ ಮನಸ್ಸಾಗುತ್ತಿರಲಿಲ್ಲ, ವಾಚ್‌ಮನ್ ಕೆಮ್ಮಬೇಕಿತ್ತು.

ಈಗ ಇಡೀ ದಿನ ನಮ್ಮದೇ. ಇಬ್ಬರಿಗೂ ಒಂದೊಂದು ಕುರ್ಚಿ, ಒಂದೊಂದು ಕೀಲಿಕೈ. ಜಗಳವಿಲ್ಲ, ಮಾತೂ ಇಲ್ಲ. ಹರೆಯಕ್ಕಾಗಿ ನಾನು ಹಂಬಲಿಸುವವಳಲ್ಲ. ಆದರೆ ಆ ಗೇಟಿನಲ್ಲಿ ಇನ್ನೊಮ್ಮೆ ನಿಲ್ಲುವುದಾದರೆ, ಹಾಳು ಸೈರನ್ನಿಗೂ ಓಡಿಯೇನು. ಮೇಷ್ಟ್ರ ಮುಂದೆ ಇದನ್ನು ಹೇಗೆ ಹೇಳುವುದು?

ಸಂಜೆ ಅಂಗಡಿಗೆ ಹೊರಟವಳ ಮುಂದೆ ಇವರು ಕೈಚಾಚಿದರು. "ನಾನೂ ಸ್ವಲ್ಪ ಹೊರಗೆ ಹೋಗ್ಬೇಕು. ನಿನ್ನ ಕೀ ಕೊಡು, ನಂದು ಎಲ್ಲಿಟ್ನೋ."

"ನಾನೇ ಮೊದ್ಲು ಬಂದ್ರೆ?"

"ನೀನು ಬರೋ ಹೊತ್ತಿಗೆ ಗೇಟಲ್ಲೇ ನಿಂತಿರ್ತೀನಿ."

ಕೊಟ್ಟೆ. ಇವರು ತಕ್ಷಣ ಕೈ ಬಿಡಲಿಲ್ಲ.

ಈಗ ದೀಪ ಆರಿಸಲು ಹೋದಾಗ ನೋಡಿದೆ. ಇವರ ಕೀಲಿಕೈ ಎಂದಿನಂತೆ ಮೊಳೆಯಲ್ಲೇ ನೇತಾಡುತ್ತಿತ್ತು. ಸದ್ದಾಗದಂತೆ ತೆಗೆದು ನನ್ನ ಬಟ್ಟೆಗಳ ಅಡಿ ಬಚ್ಚಿಟ್ಟಿದ್ದೇನೆ. ನಾಳೆ ನಿಜವಾಗಿಯೂ ಹುಡುಕಲಿ.