ಕಾಲುಂಗುರದ ಅಳತೆ

ಹಗರಿಬೊಮ್ಮನಹಳ್ಳಿ
೧೨ ಫೆಬ್ರವರಿ ೨೦೨೫

ಪ್ರವೀಣಕುಮಾರ್ ಅವರಿಗೆ ಶರಣು.

ಈ ದಿನ ಈ ಪತ್ರ ಬರೆಯುವ ಉದ್ದೇಶ ಒಂದೇ. ಮದುವೆಗೆ ಮುನ್ನ ನಾನು ತೊಡೆಸಂದಿನ ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಪರೀಕ್ಷೆ ಮಾಡಿಸಿಕೊಂಡು ವರದಿಯನ್ನು ಕೊಟ್ಟೂರಿಗೆ ಕಳಿಸಬೇಕೆಂಬ ನಿಮ್ಮ ಮನೆಯ ಬೇಡಿಕೆಗೆ ಉತ್ತರ ಕೊಡುವುದು. ಬೇಡಿಕೆಯನ್ನು ಫೋನಿನಲ್ಲಿ ತಿಳಿಸಿದವರು ನಿಮ್ಮ ದೊಡ್ಡಪ್ಪ ಹಾಲಸ್ವಾಮಿಯವರು. ಉತ್ತರ ಮಾತ್ರ ನಿಮಗೆ. ಆ ಬೇಡಿಕೆ ತಪ್ಪೆಂದು ಆ ಮನೆಯಲ್ಲಿ ತಿಳಿದವರು ನೀವೊಬ್ಬರೇ.

ಕಾಲುಂಗುರದ ಅಳತೆಗೆಂದು ನಿಮ್ಮ ತಾಯಿ ಗುರುಬಸಮ್ಮನವರು ದಾರ ಹಿಡಿದು ನನ್ನೆದುರು ಕೂತ ದಿನ ನೀವೂ ಇದ್ದಿರಿ. ಬೆರಳಿಗೆ ದಾರ ಸುತ್ತುವ ಮೊದಲು ಅವರು ನನ್ನ ಅಂಗಾಲು ತಿರುಗಿಸಿ ನೋಡಿದರು. "ಯವ್ವಾ, ಇದು ಮಸಿ ಅಲ್ಲ, ಒರೆಸಿದರ ಹೋಗವಲ್ದು. ನಾಳೆನ ದವಾಖಾನಿಗೆ ತೋರಿಸ್ಕೊಂಡು ಬಾ," ಎಂದರು. ಅಂಗಾಲಿನ ಮಚ್ಚೆ ಅದೃಷ್ಟದ್ದೆಂದು ನಮ್ಮ ಮನೆಯಲ್ಲಿ ಎಲ್ಲರೂ ಕೊಂಡಾಡಿದ್ದರು. ನಾನೂ ನಗುತ್ತ ಒಪ್ಪಿಕೊಂಡಿದ್ದೆ.

ದಾವಣಗೆರೆಯಲ್ಲಿ ಅದನ್ನು ತೆಗೆದು ನೋಡಿದಾಗ ಚರ್ಮದ ಕ್ಯಾನ್ಸರ್ ಎಂದು ಬಂತು. ಸುತ್ತಲಿನ ಚರ್ಮವನ್ನೂ ತೆಗೆದರು. ವೈದ್ಯರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದೇನು? ಅದು ಮೇಲ್ಪದರವನ್ನು ದಾಟಿಲ್ಲ, ಪೂರ್ತಿ ಹೋಗಿದೆ, ತೊಡೆಸಂದಿನ ಗ್ರಂಥಿಗೆ ಹರಡಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದನ್ನು ಕೊಯ್ದು ತೆಗೆದು ಪರೀಕ್ಷಿಸುವ ಅಗತ್ಯವಿಲ್ಲ, ಕೊಯ್ದರೆ ಕಾಲು ಬಾತುಕೊಳ್ಳಬಹುದು, ಆಗಾಗ ಬಂದು ತೋರಿಸಿದರೆ ಸಾಕು. ನೀವು ತಲೆಯಾಡಿಸಿದಿರಿ. ಫಾರ್ಮಸಿ ಕಾಲೇಜಿನಲ್ಲಿ ನಾನು ಮೊದಲಿಗಳು, ನೀವು ಎರಡನೆಯವರು. ಅರ್ಥವಾಗಲಿಲ್ಲವೆನ್ನುವ ಅನುಕೂಲ ನಿಮಗಿಲ್ಲ.

ಆದರೂ ಬೀಜ-ಗೊಬ್ಬರ ಮಾರುವ ಹಾಲಸ್ವಾಮಿಯವರು, "ಬಿತ್ತೋ ಬೀಜಕ್ಕೂ ಪರೀಕ್ಷಾ ಚೀಟಿ ನೋಡ್ತೀವಿ. ಮನಿಗೆ ಬರೋ ಸೊಸಿಗೆ ನೋಡಬಾರದೇನು?" ಎಂದಾಗ ಫೋನಿನ ಆಚೆ ನಿಮ್ಮ ಕೆಮ್ಮು ಕೇಳಿಸಿತು, ಮಾತು ಕೇಳಿಸಲಿಲ್ಲ. ಆಮೇಲೆ ನೀವೇ ಕರೆ ಮಾಡಿ, "ಒಂದು ಟೆಸ್ಟ್ ತಾನ, ಅಮೃತಾ. ಮಾಡಿಸಿಬಿಡು, ಅವರ ಬಾಯಿ ಮುಚ್ಚತೈತಿ," ಎಂದಿರಿ. ಅವರ ಬಾಯಿ ಮುಚ್ಚಿಸಲು ನನ್ನ ತೊಡೆಸಂದು ಕೊಯ್ಯಬೇಕೆ? ನೀವು ಬಾಯಿ ತೆರೆದಿದ್ದರೆ ಸಾಕಾಗುತ್ತಿತ್ತು.

ಪರೀಕ್ಷೆ ನನಗೆ ಬೇಕಾಗಿದ್ದರೆ ಹೆದರದೆ ಮಾಡಿಸಿಕೊಳ್ಳುತ್ತಿದ್ದೆ. ನಿಮ್ಮ ದೊಡ್ಡಪ್ಪನವರ ಸಮಾಧಾನಕ್ಕೆಂದು ಮಾಡಿಸಿಕೊಳ್ಳಲಾರೆ. ಪರೀಕ್ಷೆಯಿಲ್ಲದೆ ಮದುವೆಯಿಲ್ಲ, ಕೊಟ್ಟಿದ್ದನ್ನು ಹಿಂದಿರುಗಿಸಲಿ ಎಂಬುದು ಅವರ ಮಾತು. ಹಾಗಾದರೆ ಮದುವೆ ಬೇಡ. ನಿಶ್ಚಿತಾರ್ಥದ ಸೀರೆ ಮತ್ತು ಉಂಗುರವನ್ನು, ಅವರು ಕೇಳಿದಂತೆ, ಇದರೊಂದಿಗೆ ಕಳಿಸಿದ್ದೇನೆ.

ಇಂತು,
ಅಮೃತಾ

ಮತ್ತೆ: ಮೊನ್ನೆ ನಿಮ್ಮ ತಾಯಿಯವರು ಯಾರಿಗೂ ಹೇಳದೆ ಬಸ್ ಹತ್ತಿ ಇಲ್ಲಿಗೆ ಬಂದಿದ್ದರು. "ಅವತ್ತು ನಾ ಸುಮ್ಮನ ದಾರ ಸುತ್ತಿದ್ದರ ನೀ ನನ್ನ ಸೊಸಿ ಆಗ್ತಿದ್ದಿ," ಎಂದು ಅತ್ತರು. ಆ ಅಳತೆಗೆ ಮಾಡಿಸಿದ ಕಾಲುಂಗುರಗಳನ್ನು ನನ್ನ ಕೈಯಲ್ಲಿಟ್ಟು ಹೋದರು. ಅದು ಹೇಗೋ ಗೊತ್ತಾಗಿ ಹಾಲಸ್ವಾಮಿಯವರು ಅವನ್ನೂ ಕೇಳಿದ್ದಾರೆ. ಅವನ್ನು ಕೊಡುವುದಿಲ್ಲ.