ಗುಬ್ಬಿಯ ಅಂಗಾಲು

ಮನೆಯಿಂದ,
ಭಾನುವಾರ ಮಧ್ಯಾಹ್ನ, ಜೂನ್ ೮

ಪ್ರೀತಿಯ ಸೊಸೆಗೆ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ ಎಂದು ಮೊದಲು ತಿಳಿಸು. ಬಗ್ಗಿದರೆ ಹೆರಿಗೆಯ ಆಪರೇಷನ್ನಿನ ಹೊಲಿಗೆಯ ಜಾಗ ಇನ್ನೂ ಎಳೆದಂತಾಗುತ್ತದೆ ಎಂದಿದ್ದೆ. ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ? ನಿನ್ನ ಅಕ್ಕನ ಮನೆಯಲ್ಲಿ ನಿನ್ನನ್ನು ಯಾರೂ ಕೆಲಸಕ್ಕೆ ಹಚ್ಚುತ್ತಿಲ್ಲ ಎಂದುಕೊಂಡಿದ್ದೇನೆ. ಹಚ್ಚಿದರೂ ಮಾಡಬೇಡ. ಇಲ್ಲಿ ನಾನು, ನಿನ್ನ ಗಂಡ, ಮಗು ಗುಬ್ಬಿ ಮೂವರೂ ಆರೋಗ್ಯ. ನಿನ್ನ ಗಂಡ ಎಂದಿನಂತೆ ಲಿಫ್ಟ್ ರಿಪೇರಿಗೆ ಹೋಗಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಬರುತ್ತಾನೆ. ಫೋನಿನಲ್ಲಿ ಅವನು ನಿನಗೆ ದಿನವೂ "ಎಲ್ಲಾ ಚೆನ್ನಾಗಿದೆ" ಎನ್ನುವುದು ಅಡುಗೆಮನೆಗೆ ಕೇಳಿಸುತ್ತದೆ. ಲಿಫ್ಟ್ ಓಡುತ್ತಿದೆಯೋ ನಿಂತಿದೆಯೋ, ಅವನಿಗೆ ಗೊತ್ತಿರುವುದು ಅಷ್ಟೇ. ನಡುವೆ ಏನಾದರೂ ಇದ್ದರೆ ಹೇಳಲು ಬಾರದು. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ನೀನು ಹೋದ ಮರುವಾರ ಗುಬ್ಬಿಯನ್ನು ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಕೈಕಾಲು ನೋಡುವುದಕ್ಕೆಂದೇ ಹೊಸದಾಗಿ ಒಬ್ಬ ಥೆರಪಿಸ್ಟ್ ಬಂದಿದ್ದಾಳೆ. ಚಿಕ್ಕ ವಯಸ್ಸು, ಆದರೆ ಅವಸರದವಳಲ್ಲ. ನಿನ್ನ ಮಗಳಿಗೆ ಎರಡು ವಯಸ್ಸಂತೆ. ಹುಟ್ಟಿದ ದಿನದಿಂದ ಹನ್ನೊಂದು ತಿಂಗಳು, ಹುಟ್ಟಬೇಕಾಗಿದ್ದ ದಿನದಿಂದ ಹಿಡಿದರೆ ಒಂಬತ್ತೂ ಇಲ್ಲ. ಸದ್ಯಕ್ಕೆ ಎರಡನೆಯದನ್ನೇ ಹಿಡಿಯಬೇಕಂತೆ. (ನನಗೂ ಯಾರಾದರೂ ಹೀಗೊಂದು ಕಡಿಮೆಯ ವಯಸ್ಸು ಹೇಳಿದ್ದರೆ ಚೆನ್ನಾಗಿತ್ತು.) ಪಕ್ಕದ ಮನೆಯ ಮಗು ನಿಂತೇಬಿಟ್ಟಿತು, ಇವಳು ಕೂರುವುದೂ ಇಲ್ಲ ಎಂದು ನೀನು ಅತ್ತಿದ್ದರಲ್ಲಿ ಅರ್ಧಕ್ಕರ್ಧ ದಂಡ. ಉಳಿದರ್ಧ ದಂಡವಲ್ಲ. ಕಾಲು ನೆಲಕ್ಕೆ ತಾಗಿದರೆ ಕೆಂಡ ತುಳಿದವಳಂತೆ ಮಡಚಿಕೊಳ್ಳುವುದು, ಎತ್ತಿಕೊಂಡರೆ ಬಿಲ್ಲಿನಂತೆ ಹಿಂದಕ್ಕೆ ಬಾಗುವುದು, ಎರಡನ್ನೂ ಥೆರಪಿಸ್ಟ್ ಕಣ್ಣಾರೆ ಕಂಡಳು.

ಹೊರಡುವ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ನೀನು, "ನನ್ನ ಕೈ ಅಂದ್ರೇನೇ ಅವಳಿಗೆ ಆಗಲ್ಲ ಅತ್ತೆ. ನಾನಿಲ್ದಿದ್ರೆ ನೆಮ್ಮದಿಯಾಗಿರ್ತಾಳೆ" ಎಂದೆಯಲ್ಲ, ಆ ಮಾತನ್ನು ಹಾಗೆಯೇ ಥೆರಪಿಸ್ಟಿಗೆ ಒಪ್ಪಿಸಿದೆ. ನಿನಗೆ ಸಿಟ್ಟು ಬರಬಹುದು, ಬರಲಿ. ಅವಳು ನನ್ನ ಮುಂಗೈ ಮೇಲೆ ಒಂದು ಹತ್ತಿಯ ಎಳೆಯನ್ನು ಸವರಿದಳು. ನೊಣ ಕೂತಂತಾಗಿ ಕೈ ಕೊಡವಿದೆ. ಆಮೇಲೆ ಅದೇ ಜಾಗದಲ್ಲಿ ತನ್ನ ಅಂಗೈಯನ್ನು ಒತ್ತಿ ಇಟ್ಟಳು. ಕೊಡವಬೇಕೆನಿಸಲಿಲ್ಲ. ಆಗ ಬಿಡಿಸಿ ಹೇಳಿದಳು: ಹುಟ್ಟಿದ ಮೇಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಷ್ಟು ದಿನ ರಕ್ತಪರೀಕ್ಷೆಗೆಂದು ಗುಬ್ಬಿಯ ಹಿಮ್ಮಡಿ ಚುಚ್ಚುತ್ತಲೇ ಇದ್ದರು, ಚುಚ್ಚದೆ ವಿಧಿಯಿರಲಿಲ್ಲ. ಹೊಟ್ಟೆಯೊಳಗೆ ಒದ್ದು ಒದ್ದು ತನ್ನ ಕಾಲು ಎಲ್ಲಿದೆ, ಎಷ್ಟು ಉದ್ದ ಎಂದು ತಿಳಿಯಬೇಕಾಗಿದ್ದ ಹೊತ್ತಿನಲ್ಲಿ ಆ ಕಾಲಿಗೆ ಸಿಕ್ಕಿದ್ದು ಸೂಜಿ. ಮಗುವಿಗೆ ಅದು ನೆನಪಿರುವುದಿಲ್ಲ, ಮೈ ಮಾತ್ರ ಹುಷಾರಾಗಿಬಿಟ್ಟಿರಬಹುದು. ಆಣೆ ಇಟ್ಟು ಹೇಳಲಾರೆ, ಆದರೆ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂದಳು. ಕೊನೆಗೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಮಗು ಬೇಡ ಅಂತಿರೋದು ಅಮ್ಮನ್ನಲ್ಲ. ಮುಟ್ಟಿದ್ಮೇಲೆ ಏನಾಗುತ್ತೋ ಅನ್ನೋದನ್ನ. ಅಮ್ಮ ಹೆದರ್ಕೊಂಡು ಮೆಲ್ಲಗೆ ಮುಟ್ತಾರೆ, ಅದೇ ಅವಳಿಗೆ ಇನ್ನೂ ಕಷ್ಟ."

ಆವತ್ತಿನಿಂದ ದಿನವೂ ಸ್ನಾನವಾದ ಮೇಲೆ ಚಾಪೆಯ ಮೇಲೆ ನಮ್ಮಿಬ್ಬರ ಪಾಠ. ಅಂಗಾಲಿಗೆ ಪೂರ್ತಿ ಅಂಗೈ ಕೊಟ್ಟು ಸುಮ್ಮನೆ ಕಾಯುವುದು. ಸವರಬಾರದು, ಕಚಗುಳಿ ಇಡಬಾರದು. ಅತ್ತರೆ ನಿಲ್ಲಿಸಿ ಎತ್ತಿಕೊಳ್ಳುವುದು, ಸಮಾಧಾನವಾದ ಮೇಲೆ ಮತ್ತೆ. ಮೊದಮೊದಲು ಅವಳು ಕಿರುಚಿದ ರಭಸಕ್ಕೆ ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದಳು. ನಿನ್ನ ಗಂಡ ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದ. ನನ್ನ ಕೈಗೂ ಅವಳು ನಿನ್ನ ಕೈಗೆ ಅತ್ತಷ್ಟೇ ಅತ್ತಳು, ತಿಳಿಯಿತೇ? ಯಾರ ಕೈ ಎಂದು ನೋಡಿ ಅಳುವ ಮಗುವಲ್ಲ ಅದು.

ಮೊನ್ನೆ ಬುಧವಾರ ಮಾತ್ರ ಅಳಲಿಲ್ಲ. ಬೋರಲು ಮಲಗಿದ್ದಳು, ಅಂಗಾಲುಗಳ ಹಿಂದೆ ನನ್ನ ಎರಡೂ ಅಂಗೈ. ಬಹಳ ಹೊತ್ತು ಸುಮ್ಮನಿದ್ದು ಒಂದು ಸಲ ಒದ್ದಳು. ಸಿಟ್ಟಿನ ಒದೆತವಲ್ಲ, ಗೋಡೆ ಗಟ್ಟಿಯಿದೆಯೇ ಎಂದು ನೋಡುವವರ ಒದೆತ. ಗೋಡೆ ಗಟ್ಟಿಯಿತ್ತು. ಗೇಣುದ್ದ ಮುಂದೆ ಜಾರಿದಳು. ಯಾರು ತಳ್ಳಿದರು ಎಂಬಂತೆ ಹಿಂದಿರುಗಿ ನನ್ನನ್ನು ನೋಡಿ, ಮತ್ತೆ ಒದ್ದಳು. ನಿನ್ನ ಗಂಡ ಬಾಯಿಗೆ ಇಟ್ಟ ತುತ್ತನ್ನು ಅಗಿಯುವುದು ಮರೆತು ಕೂತಿದ್ದ.

ಇದನ್ನು ಪವಾಡ ಎಂದು ಬರೆಯುತ್ತಿಲ್ಲ. ಮಾರನೆಯ ದಿನ ಮತ್ತೆ ಬಿಲ್ಲಾದಳು. ಈಗಲೂ ಆಸರೆ ಬಿಟ್ಟರೆ ವಾಲುತ್ತಾಳೆ. ನಡೆಯುವುದು ತಡವಾದೀತು, ಕೆಲವು ಕಾಲ ತುದಿಗಾಲಲ್ಲೇ ನಡೆದರೂ ನಡೆದಾಳು, ಮುಂದಿನದು ಈಗ ಹೇಳಲಾಗದು ಎನ್ನುತ್ತಾಳೆ ಥೆರಪಿಸ್ಟ್. ಇದ್ದದ್ದು ಇದ್ದಂತೆ ಬರೆದಿದ್ದೇನೆ.

ನಿನ್ನ ಅಕ್ಕನಿಗೂ ಭಾವನಿಗೂ ಕೇಳಿದೆನೆಂದು ಹೇಳು. ಮೈಗೆ ಕಸುವು ಬರಲಿ, ಮನಸ್ಸು ಹಗುರಾಗಲಿ.

ಇತಿ,
ನಿನ್ನ ಅತ್ತೆ

ವಿ.ಸೂ.: ಹದಿನೆಂಟನೇ ತಾರೀಕು ನನ್ನ ಎಡಗಣ್ಣಿನ ಪೊರೆ ತೆಗೆಯುತ್ತಾರೆ. ಆಮೇಲೆ ಕೆಲವು ವಾರ ಬಗ್ಗುವಂತಿಲ್ಲ, ಮಗು ಎತ್ತುವಂತಿಲ್ಲ. ಹಗಲು ಗುಬ್ಬಿಯ ಕಾಲಿಗೆ ಕೈ ಕೊಡುವವರು ಮನೆಯಲ್ಲಿ ಇರುವುದಿಲ್ಲ. ನೀನು ಹದಿನೇಳಕ್ಕೇ ಬಂದರೆ ಒಂದು ದಿನ ಜೊತೆಗೆ ಕೂತು ತೋರಿಸಿಕೊಡುತ್ತೇನೆ. ಅವಸರವೇನಿಲ್ಲ, ವರ್ಷದ ಕೊನೆಗೆ ಮಾಡೋಣ ಎಂದಿದ್ದರು ಕಣ್ಣಿನ ಡಾಕ್ಟರು. ಈ ತಾರೀಕನ್ನು ನಾನೇ ಕೇಳಿ ಹಾಕಿಸಿಕೊಂಡೆ.