ಮೂವತ್ತೊಂದನೇ ಪುಟದಲ್ಲಿರುವುದು ನನ್ನ ಸುಳ್ಳು

ಊರೂರ ಪುರಸಭೆಗಳಿಗೆ ದಾರಿ ತೋರಿಸಲೆಂದೇ ನೇಮಕಗೊಂಡಿರುವ ಮಾನ್ಯರೇ,

ಹೊಸ ಪೌರಸಭಾ ಕಾಯಿದೆಯ ಜೊತೆಗೆ ತಮ್ಮ ಕಚೇರಿ ಎಲ್ಲ ಊರುಗಳಿಗೂ ಕಳಿಸಿರುವ ಕೈಪಿಡಿಯ ಮೂವತ್ತೊಂದನೇ ಪುಟದಲ್ಲಿ ಒಂದು ಸುಳ್ಳಿದೆ. ಅಚ್ಚಿನ ತಪ್ಪಲ್ಲ, ಸುಳ್ಳು. ಅದನ್ನು ಬರೆದವನು ನಾನು. "ಸಭೆಯ ನಡಾವಳಿಯನ್ನು ಹೀಗೆ ಬರೆಯತಕ್ಕದ್ದು" ಎಂಬ ತಲೆಬರಹದ ಕೆಳಗೆ ತಾವು ಮಾದರಿಯೆಂದು ಹಾಕಿಸಿರುವ ನಿರ್ಣಯ ನಮ್ಮ ಪುರಸಭೆಯದು, 1958ನೇ ಇಸವಿಯದು. ತಾವು ಊರಿನ ಹೆಸರನ್ನೂ ಸದಸ್ಯರ ಹೆಸರುಗಳನ್ನೂ ತೆಗೆದಿದ್ದೀರಿ. ಆದರೆ ಒಬ್ಬ ತಾಯಿ ತಾನು ಹೆತ್ತದ್ದನ್ನು ಹೇಗೆ ಗುರುತಿಸುತ್ತಾಳೋ ಹಾಗೆ ಗುಮಾಸ್ತನೂ ತನ್ನ ವಾಕ್ಯವನ್ನು ಗುರುತಿಸುತ್ತಾನೆ. "ಸಾಂಗವಾಗಿ ಚರ್ಚಿಸಿ, ಹಾಜರಿದ್ದ ಸರ್ವ ಸದಸ್ಯರ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಆ ಎರಡು 'ಸರ್ವ'ಗಳೂ ನನ್ನವು. ಅವುಗಳಲ್ಲಿ ಒಂದೂ ನಿಜವಲ್ಲ.

ಈ ಪತ್ರವನ್ನು ತಮಗೆ ಲಕೋಟೆಯಲ್ಲಿ ಕಳಿಸಬಹುದಿತ್ತು. ಕಳಿಸಿದ್ದರೆ ಅದಕ್ಕೊಂದು ನಂಬರು ಬಿದ್ದು, ಕಡತ ಸೇರಿ, "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತಿತ್ತು. ಅಂಥ ಉತ್ತರಗಳನ್ನು ಮೂವತ್ತು ವರ್ಷ ನಾನೇ ಬರೆದಿದ್ದೇನೆ. ಆದ್ದರಿಂದ ಪತ್ರಿಕೆಗೆ ಕೊಡುತ್ತಿದ್ದೇನೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಶಿಡ್ಲಘಟ್ಟದ ಕಡೆಯ ಬಸ್ಸಿನಲ್ಲಿ ಕೂತಾಗ ಕಿಟಕಿಯಿಂದ ರೇಷ್ಮೆಹುಳು ಬೇಯುವ ವಾಸನೆ ಬರುವ ಊರುಗಳಲ್ಲಿ ನಮ್ಮದೂ ಒಂದು ಎಂದುಕೊಂಡರೆ ಸಾಕು.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಸೌಕರ್ಯವೂ ನನಗಿಲ್ಲ. ಆ ಸಭೆಗೆ ಒಂದು ವರ್ಷ ಮುಂಚೆ ನನ್ನನ್ನು ಬೆಂಗಳೂರಿಗೆ, ನಗರ ಕಾರ್ಪೊರೇಷನ್ನಿನ ಕಚೇರಿಗೆ, ಹದಿನೈದು ದಿನದ ತರಬೇತಿಗೆ ಕಳಿಸಿದ್ದರು. ಅಷ್ಟು ದೊಡ್ಡ ಊರನ್ನು ಜನರೇ ಹೇಗೆ ಆಳಿಕೊಳ್ಳುತ್ತಾರೆಂಬುದನ್ನು ನಾನು ಬಾಯಿಬಿಟ್ಟುಕೊಂಡು ನೋಡಿದೆ. ಊರನ್ನು ಭಾಗ ಮಾಡಿ ಒಂದೊಂದು ಭಾಗದಿಂದ ಒಬ್ಬೊಬ್ಬರನ್ನು ಆರಿಸುತ್ತಾರೆ. ಆರಿಸಿ ಬಂದವರು ತಮ್ಮೊಳಗೇ ಒಬ್ಬರನ್ನು ಒಂದು ವರ್ಷದ ಮಟ್ಟಿಗೆ ಮೇಯರ್ ಮಾಡುತ್ತಾರೆ. ಆರೋಗ್ಯಕ್ಕೊಂದು, ತೆರಿಗೆಗೊಂದು, ಕಾಮಗಾರಿಗೊಂದು ಸ್ಥಾಯೀ ಸಮಿತಿ. ನಿರ್ಧಾರ ಸಭೆಯದು, ಅದನ್ನು ಮಾಡಿ ಮುಗಿಸುವ ಕೆಲಸ ಸರ್ಕಾರ ಕಳಿಸಿದ ಕಮಿಷನರದು. ಮೇಯರಿಗೆ ನಿಲುವಂಗಿ, ಕಮಿಷನರಿಗೆ ಕಡತ ಎಂದು ಅಲ್ಲಿನ ಗುಮಾಸ್ತರು ನಗುತ್ತಿದ್ದರು. ನಾನೂ ನಕ್ಕೆ. ಆದರೆ ಒಂದು ದಿನ ಸಭೆಯಲ್ಲಿ ನಡೆದದ್ದು ನಗುವಂಥದ್ದಾಗಿರಲಿಲ್ಲ. ಕಸ ಸುರಿಯುವ ಜಾಗವೊಂದರ ವಿಷಯಕ್ಕೆ ವಯಸ್ಸಾದ ಸದಸ್ಯರೊಬ್ಬರು ಒಂಟಿಯಾಗಿ ಎದ್ದುನಿಂತು ಬೇಡವೆಂದರು. ಸುತ್ತ ಗಲಾಟೆ, ಕೂರಿ ಕೂರಿ ಎಂಬ ಕೂಗು. ನಡಾವಳಿ ಬರೆಯುವಾತ ತಲೆ ಎತ್ತದೆ ಅವರ ಮಾತನ್ನು ಬರೆದುಕೊಂಡು, ಗಲಾಟೆ ಇಳಿದ ಮೇಲೆ ಓದಿ ಹೇಳಿ, "ಸರಿಯಾಗಿದೆಯೇ ಸಾರ್?" ಎಂದು ಕೇಳಿದ. ಅವರು ಒಂದು ಶಬ್ದ ತಿದ್ದಿಸಿದರು. ಆಮೇಲೆ ಸೋತರು. ಸೋತವರ ಮಾತೂ ಪುಸ್ತಕದಲ್ಲಿ ಉಳಿಯಬೇಕು ಎಂಬುದನ್ನು ನಾನು ಅಲ್ಲಿ, ಕಣ್ಣಾರೆ ಕಲಿತೆ.

ಕಲಿತು ಊರಿಗೆ ಬಂದೆ.

ನಮ್ಮದು ಹದಿನೈದು ಸದಸ್ಯರ ಪುರಸಭೆ. ಮೇಯರ್ ಇಲ್ಲ, ಅಧ್ಯಕ್ಷರಿದ್ದಾರೆ. ನಿಲುವಂಗಿ ಇಲ್ಲ, ಜರಿ ಶಲ್ಯವಿದೆ. ಹೆಂಗಸರಿಗೆಂದು ಮೀಸಲಾದ ಜಾಗಕ್ಕೆ ಆ ಸಲ ಕೆಳಗಿನ ಪೇಟೆಯ ಮುನಿಶಾಮಮ್ಮ ಆರಿಸಿ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಚರಕ ಇಟ್ಟುಕೊಂಡು ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದವರು. ಓದು ಬರಹ ಇಲ್ಲ. ಸಭೆಗೆ ಬರುವಾಗ ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡೇ ಕುರ್ಚಿ ಮುಟ್ಟುತ್ತಿದ್ದರು. ಇತರ ಸದಸ್ಯರು ಅವರನ್ನು "ನಮ್ಮ ಮುನಿಶಾಮಮ್ಮ" ಎನ್ನುತ್ತಿದ್ದರು. 'ನಮ್ಮ' ಎಂದರೆ ಕೈ ಎತ್ತು ಎಂದಾಗ ಎತ್ತುವವರು ಎಂದು ಅರ್ಥ.

ವಿಷಯ ಮೋರಿಯದು. ಬಸ್ ಸ್ಟ್ಯಾಂಡ್, ಹೋಟೆಲುಗಳು, ನೂಲು ತೆಗೆಯುವ ಮನೆಗಳು, ಇವೆಲ್ಲದರ ಕೊಳೆನೀರು ಆಗ ಪೇಟೆ ಬೀದಿಯ ಮುಂದೆಯೇ ಹರಿಯುತ್ತಿತ್ತು. ಪೇಟೆ ಬೀದಿಯಲ್ಲಿ ಆರು ಜನ ಸದಸ್ಯರ ಮನೆಗಳಿದ್ದವು. ಮೋರಿಯನ್ನು ತಿರುಗಿಸಿ ಕೆಳಗಿನ ಪೇಟೆಯ ಹಿಂಭಾಗದಿಂದ ಬಿಡುವುದೆಂದು ಪ್ರಸ್ತಾಪ ಬಂತು. ಅಲ್ಲೊಂದು ಸೇದುವ ಬಾವಿ. ಆ ಪೇಟೆಗೆಲ್ಲ ಕುಡಿಯುವ ನೀರು ಅದೇ. ಅಧ್ಯಕ್ಷರು ಪ್ರಸ್ತಾಪ ಓದಿ ಮುಗಿಸುವುದರೊಳಗೆ ಹದಿಮೂರು ಕೈ ಎದ್ದಿದ್ದವು. ಮುನಿಶಾಮಮ್ಮ ಕೈ ಎತ್ತಲಿಲ್ಲ, ತಾವೇ ಎದ್ದರು.

"ವದ್ದು ಸಾಮಿ, ವದ್ದು," ಎಂದರು. "ಬಾವಿ ತಗ್ಗಲ್ಲೈತೆ, ಮೋರಿ ದಿಬ್ಬದ ಮೇಲೆ ಬರ್ತದೆ. ಹುಳ ಬೇಯ್ಸಿದ್ ನೀರು ಎಂಗಿರ್ತದೆ ಅಂತ ನನ್ಗೊತ್ತು. ಒಂದಿನ ಬಿಟ್ರೆ ನಾಯೀನೂ ಮೂಸಲ್ಲ. ಅದು ಮಣ್ಣಾಗೆ ಇಳಿದ್ರೆ ಇನ್ನೆಲ್ಲಿಗ್ ಹೋಗ್ತದೆ? ನೇನು ಒಪ್ಪುಕೋನು."

ಅಧ್ಯಕ್ಷರು ನಕ್ಕರು. "ಸಭೆಯ ವ್ಯವಹಾರ ಕನ್ನಡದಲ್ಲಮ್ಮಾ. ತೆಲುಗಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ." ಎಲ್ಲರೂ ನಕ್ಕರು. ಮಾನ್ಯರೇ, ಆ ಕೋಣೆಯಲ್ಲಿ ನಕ್ಕವರಲ್ಲಿ ಮನೆಯಲ್ಲಿ ತೆಲುಗು ಆಡದವರು ಇಬ್ಬರೋ ಮೂವರೋ ಇದ್ದರು. ಅಧ್ಯಕ್ಷರು ತಮ್ಮ ಹೆಂಡತಿಯನ್ನು ಕರೆಯುತ್ತಿದ್ದದ್ದು ತೆಲುಗಿನಲ್ಲಿ. ನಾನು ಹುಟ್ಟಿದ ಮನೆಯ ಮಾತೂ ಅದೇ. ಬೇಡ ಎನ್ನುವುದನ್ನು ನಾನು ಜೀವನದಲ್ಲಿ ಮೊದಲು ಹೇಳಿದ್ದು 'ವದ್ದು' ಎಂದೇ, ಒಪ್ಪುವುದಿಲ್ಲ ಎನ್ನುವುದನ್ನು 'ಒಪ್ಪುಕೋನು' ಎಂದೇ. ಅವರು ಏನು ಹೇಳಿದರೆಂದು ನನಗೆ ಅರ್ಥವಾಗಲಿಲ್ಲವೇ?

ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ಚೆನ್ನರಾಯಪ್ಪ, ಸರ್ವಾನುಮತ ಅಂತ ಬರ್ದ್‌ಬಿಡು. ವಿರೋಧ ಅಂತಿದ್ರೆ ಮೇಲಿನವ್ರು ನೂರು ಪ್ರಶ್ನೆ ಕೇಳ್ತಾರೆ." ಅವರು ನನ್ನನ್ನು ಗದರಿಸಲಿಲ್ಲ, ಏನೂ ಆಸೆ ತೋರಿಸಲಿಲ್ಲ. ಬೇಡ ಎಂದಿದ್ದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಈಗ ಅವರು ಬದುಕಿಲ್ಲ, ತಪ್ಪನ್ನೆಲ್ಲ ಅವರ ಮೇಲೆ ಹಾಕುವುದು ಬಹಳ ಸುಲಭ. ನಿಜ ಹೇಳಬೇಕೆಂದರೆ ನನಗೂ ಹಾಗೆ ಬರೆಯುವುದೇ ಇಷ್ಟವಿತ್ತು. ನನ್ನ ಅಕ್ಷರ ದುಂಡಗೆ, ಪುಟ ಸ್ವಚ್ಛವಾಗಿ ಇರುತ್ತದೆಂದು ತಾಲ್ಲೂಕಿನಲ್ಲೆಲ್ಲ ಹೆಸರಿತ್ತು. ಓದು ಬಾರದ ಹೆಂಗಸೊಬ್ಬರ ಅರ್ಧ ತೆಲುಗಿನ ಮಾತು ಆ ಪುಟದಲ್ಲಿ ಒಂದು ಕಲೆಯ ಹಾಗೆ ಕಾಣುತ್ತದೆ ಎನಿಸಿತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸಬೇಕು. "ಓದಿದಂತೆ ಭಾವಿಸಲಾಯಿತು" ಎಂದರೆ ಸಾಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಸದಸ್ಯರು ಸಾಲಾಗಿ ಬಂದು ರುಜು ಮಾಡಿದರು. ಮುನಿಶಾಮಮ್ಮನವರ ಹೆಬ್ಬೆರಳನ್ನು ಶಾಯಿಗೆ ಒತ್ತಿ ಪುಟಕ್ಕೆ ಒತ್ತಿಸಿದವನು ನಾನೇ. ಬಿಸಿನೀರಿನಲ್ಲಿ ಗೂಡು ಕಲಕಿ ಕಲಕಿ ಅವರ ಬೆರಳಿನ ಗೆರೆಗಳೇ ಸವೆದಿದ್ದವು, ಗುರುತು ಮೂಡಲಿಲ್ಲ. "ಇನ್ನೊಂದ್ಸಲ ಒತ್ತಮ್ಮ" ಎಂದೆ. "ಏನ್ ಬರ್ದಿದ್ಯಪ್ಪ ಇದ್ರಾಗೆ?" ಎಂದು ಕೇಳಿದರು. "ಹೋದ್ಸಲ ನಡೆದದ್ದು ಅಮ್ಮ" ಎಂದೆ. ನಂಬಿ, ಗಟ್ಟಿಯಾಗಿ ಒತ್ತಿದರು.

ಮೋರಿ ಆಯಿತು. ಮಾರನೆಯ ವರ್ಷ ಮಳೆಗಾಲದಲ್ಲಿ ಕೆಳಗಿನ ಪೇಟೆಯಲ್ಲಿ ವಾಂತಿಭೇದಿ ಶುರುವಾಯಿತು. ಐದು ದಿನದಲ್ಲಿ ಮೂವರು ಹೋದರು. ಅವರಲ್ಲಿ ಅಕ್ಕಯ್ಯಮ್ಮನ ಮಗಳು ಒಬ್ಬಳು, ಒಂಬತ್ತು ವರ್ಷದವಳು. ಈ ಅಕ್ಕಯ್ಯಮ್ಮ ಮುನಿಶಾಮಮ್ಮನವರ ಎದುರು ಮನೆಯವಳು. ಚುನಾವಣೆಯಲ್ಲಿ ಮನೆಮನೆ ತಿರುಗಿ ಅವರಿಗೆ ಓಟು ಕೇಳಿದ್ದವಳು. ಆಕೆಯೇ ಮುಂದಾಗಿ, ಪೇಟೆಯ ಜನರನ್ನೆಲ್ಲ ಕರೆದುಕೊಂಡು, ಮಧ್ಯಾಹ್ನದ ಹೊತ್ತು ಪುರಸಭೆಯ ಅಂಗಳಕ್ಕೆ ಬಂದಳು. ಮುನಿಶಾಮಮ್ಮನವರೂ ಆ ಗುಂಪಿನ ಜೊತೆಯಲ್ಲೇ ಬಂದಿದ್ದರು.

ಅಧ್ಯಕ್ಷರು ಜಗಲಿಯ ಮೇಲೆ ನಿಂತು, "ನಮ್ಮನ್ನೇನ್ ಕೇಳ್ತೀರಿ? ನಿಮ್ಮ ಸದಸ್ಯೇನೇ ಒಪ್ಪಿದ್ದು" ಎಂದು, ನನ್ನ ಕಡೆ ತಿರುಗಿ, ಪುಸ್ತಕ ತಂದು ಓದು ಎಂದರು. ತಂದೆ. ಓದಿದೆ. ನನ್ನ ದನಿ ಚೆನ್ನಾಗಿಯೇ ಇತ್ತು, ಹಿಂದಿನ ಸಾಲಿಗೂ ಕೇಳಿಸಿತು. ಓದಿ ಮುಗಿಸಿ ಹೆಬ್ಬೆಟ್ಟಿನ ಗುರುತನ್ನೂ ತೋರಿಸಿದೆ.

ಮುನಿಶಾಮಮ್ಮ ಕೂಗಾಡಲಿಲ್ಲ. ಮೆಟ್ಟಿಲ ಹತ್ತಿರ ಬಂದು ನನ್ನ ಮುಖ ನೋಡಿ ಕೇಳಿದರು: "ಚೆನ್ನರಾಯಪ್ಪಾ, ನೀನೇ ಅಲ್ವೇನಪ್ಪ ಕುಂತು ಬರೀತಿದ್ದದ್ದು? ನಾನು ಬ್ಯಾಡ ಅಂದಿದ್ದು ನಿನ್ ಕಿವಿಗ್ ಬೀಳ್ಲಿಲ್ವಾ? ನೀನೊಂದ್ ಮಾತು ಹೇಳಪ್ಪ, ಇವ್ರಿಗೆ."

ನಾನು ಹೇಳಿದೆ: "ಪುಸ್ತಕದಲ್ಲಿ ಏನೈತೋ ಅದನ್ನ ಓದ್ದೆ ಅಮ್ಮ. ನನ್ ಕೆಲ್ಸ ಅಷ್ಟೇ."

ಅಕ್ಕಯ್ಯಮ್ಮ ಬಗ್ಗಿ ಅಂಗಳದ ಮಣ್ಣನ್ನು ಮುಷ್ಟಿ ತುಂಬ ತೆಗೆದು ಮುನಿಶಾಮಮ್ಮನವರ ಮುಖಕ್ಕೆ ಎರಚಿದಳು. "ನನ್ ಮಗೂನ್ ತಿಂದ್ಬಿಟ್ಯಲ್ಲೇ" ಎಂದಳು. ಮಣ್ಣು ಬಿದ್ದ ಕಣ್ಣುಗಳನ್ನು ಒರೆಸಿಕೊಳ್ಳದೆ ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ನಾನು ಪುಸ್ತಕ ಮುಚ್ಚಿಕೊಂಡು ಒಳಗೆ ಹೋದೆ.

ಆಮೇಲೆ ಅವರು ಸಭೆಗೆ ಬರಲಿಲ್ಲ. ಬೀದಿಯಲ್ಲಿ ಅವರ ಜೊತೆ ಯಾರೂ ಮಾತಾಡುತ್ತಿರಲಿಲ್ಲವಂತೆ. ಅವರ ಮನೆಗೆ ಗೂಡು ಹಾಕುವವರೂ ನಿಂತರಂತೆ. ಸತತ ಮೂರು ತಿಂಗಳು ಗೈರುಹಾಜರಾದ್ದರಿಂದ ಸದಸ್ಯತ್ವ ರದ್ದಾಗಿದೆಯೆಂಬ ನೋಟೀಸನ್ನು ಬರೆದವನೂ ನಾನೇ, ಅದೇ ದುಂಡನೆಯ ಅಕ್ಷರದಲ್ಲಿ. ನೋಟೀಸು ವಾಪಸು ಬಂತು. ಅವರು ಕೈವಾರಕ್ಕೆ, ತಂಗಿಯ ಮನೆಗೆ ಹೊರಟುಹೋಗಿದ್ದರು.

ಆರು ವರ್ಷ ನಾನು ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಉಂಡೆ, ಮಲಗಿದೆ, ಬಡ್ತಿ ಪಡೆದೆ. ಹೋದ ತಿಂಗಳು ತಮ್ಮ ಕೈಪಿಡಿ ಬಂತು. ಮೊದಲ ಅಧ್ಯಾಯದಲ್ಲಿ ಮಹಾನಗರದ ಆಡಳಿತ ಹೇಗೆ ರಚಿತವಾಗಿದೆ, ಸಣ್ಣ ಊರುಗಳು ಅದರಿಂದ ಏನು ಕಲಿಯಬೇಕು ಎಂದು ಅಚ್ಚುಕಟ್ಟಾದ ನಕ್ಷೆ ಹಾಕಿದ್ದೀರಿ. ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ 'ಮತದಾರರು'. ಬಹಳ ಸಂತೋಷ. ಅಲ್ಲಿಂದ ಗೆರೆಗಳು ಸದಸ್ಯರಿಗೆ, ಅಧ್ಯಕ್ಷರಿಗೆ, ಸಮಿತಿಗಳಿಗೆ, ಮುಖ್ಯಾಧಿಕಾರಿಗೆ ಇಳಿದಿವೆ. ಗುಮಾಸ್ತನಿಗೆ ಚೌಕವೇ ಇಲ್ಲ. ಅವನು ಕೇಳಿಸಿಕೊಳ್ಳದಿದ್ದರೆ ಮೇಲಿನ ಚೌಕದ ದನಿ ಯಾವ ಗೆರೆಯ ಮೇಲೆ ಇಳಿಯುತ್ತದೆ, ಮಾನ್ಯರೇ? ಪುಟ ತಿರುಗಿಸುತ್ತ ಮೂವತ್ತೊಂದಕ್ಕೆ ಬಂದೆ. "ಸ್ಪಷ್ಟತೆಗೂ ಸಂಕ್ಷೇಪಕ್ಕೂ ಉತ್ತಮ ನಿದರ್ಶನ" ಎಂದು ತಾವು ಕೆಳಗೆ ಟಿಪ್ಪಣಿ ಕೊಟ್ಟಿದ್ದೀರಿ.

ಮಾರನೆಯ ಭಾನುವಾರ ಕೈವಾರಕ್ಕೆ ಹೋದೆ. ಮುನಿಶಾಮಮ್ಮ ಹಜಾರದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಬಹಳ ಇಳಿದುಹೋಗಿದ್ದರು. ಗುರುತು ಹಿಡಿದು, "ಬಾಪ್ಪ, ಕೂತ್ಕೋ" ಎಂದರು. ಪುಟ ತೆಗೆದು ಓದಿ ಹೇಳಿದೆ.

"ನನ್ ಹೆಸ್ರು ಐತಾ ಅದ್ರಾಗೆ?"

"ಇಲ್ಲಮ್ಮ. ತೆಗೆದ್‌ಹಾಕವ್ರೆ."

"ಸದ್ಯ," ಎಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ತಪ್ಪಾಯಿತು ಎಂದೆ. ಕಾಲಿಗೆ ಬೀಳಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು. "ನಾನು ಬ್ಯಾಡ ಅಂದಿದ್ದು ನನ್ಗೊತ್ತಲ್ಲಪ್ಪ. ನನ್ಗ್ ಬಂದು ಹೇಳಿ ಏನ್ ಮಾಡ್ತೀಯ? ಅಕ್ಕಯ್ಯಮ್ಮಂಗೆ ಗೊತ್ತಿಲ್ಲ. ಅವ್ಳಿಗ್ ಹೇಳು."

ಕೈವಾರದವರೆಗೆ ಹೋದ ಧೈರ್ಯ, ನನ್ನ ಮನೆಯಿಂದ ಕೂಗಳತೆಯ ದೂರದ ಕೆಳಗಿನ ಪೇಟೆಗೆ ಹೋಗಲು ಬರಲಿಲ್ಲ. ನಾಲ್ಕು ದಿನ ಬೇಕಾಯಿತು. ಅಕ್ಕಯ್ಯಮ್ಮ ಬಾಗಿಲಲ್ಲೇ ನಿಲ್ಲಿಸಿಕೊಂಡು ಪೂರ್ತಿ ಕೇಳಿದಳು. ನನಗೂ ಮಣ್ಣು ಎರಚುತ್ತಾಳೆಂದುಕೊಂಡಿದ್ದೆ; ಎರಚಿದ್ದರೆ ಒಳ್ಳೆಯದಿತ್ತು. "ಅವತ್ತೇ ಹೇಳಿದ್ರೆ ನನ್ ಮಗು ಏನೂ ತಿರ್ಗಿ ಬರ್ತಿರ್ಲಿಲ್ಲ. ಅವ್ಳಾದ್ರೂ ಇರ್ತಿದ್ಲಲ್ಲ ಎದುರು ಮನೇಲಿ" ಎಂದಳು. ಆಮೇಲೆ ಕೇಳಿದಳು: "ಕೈವಾರದ ಬಸ್ಸು ಎಷ್ಟೊತ್ತಿಗೆ?"

ಹೇಳಿದೆ. ಹೋಗಿಬಂದಳು. ಅಲ್ಲಿ ಏನು ಮಾತಾಯಿತೆಂದು ನನಗೆ ತಿಳಿಯದು. ಕೇಳುವ ಮುಖ ನನಗಿಲ್ಲ.

ಈಗ ತಮ್ಮ ಕೆಲಸ. ಆ ಪುಟವನ್ನು ಎಲ್ಲ ಊರುಗಳ ಕೈಪಿಡಿಯಿಂದಲೂ ಕೀಳಿಸಿ. ಮೂಲ ಪುಸ್ತಕವನ್ನು ತಿದ್ದುವ ಅಧಿಕಾರ ನನಗಿಲ್ಲ, ತಮಗಿದೆ: ಸದಸ್ಯೆ ಮುನಿಶಾಮಮ್ಮನವರು ಕಾರಣ ಕೊಟ್ಟು ವಿರೋಧಿಸಿದರು ಎಂದು ಬರೆಸಿ, ಅದನ್ನು ಪುರಸಭೆಯ ಅಂಗಳದಲ್ಲಿ, ಹಗಲು ಹೊತ್ತು, ಕೆಳಗಿನ ಪೇಟೆಯವರನ್ನು ಕರೆಸಿ ಗಟ್ಟಿಯಾಗಿ ಓದಿಸಿ. ಓದುವವನು ನಾನೇ ಆಗಬೇಕು. ಬೇಡ ಎಂದ ಸದಸ್ಯರ ಮಾತನ್ನು ಅವರು ಆಡಿದ ಭಾಷೆಯಲ್ಲೇ ಬರೆದು, ಅವರಿಗೆ ಓದಿ ಹೇಳದ ಹೊರತು ಯಾವ ನಡಾವಳಿಯೂ ದೃಢವಾಗಬಾರದೆಂದು ಆಜ್ಞೆ ಹೊರಡಿಸಿ. ಮೋರಿ ಇವತ್ತಿಗೂ ಅದೇ ಬಾವಿಯ ಪಕ್ಕದಲ್ಲೇ ಹರಿಯುತ್ತಿದೆ. ಯಾರನ್ನಾದರೂ ಕಳಿಸಿ ನೋಡಿಸಿ. ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರೋ ಅದು ಈ ನಾಲ್ಕೂ ಆದ ಮೇಲೆ ಆಗಲಿ. ಮೊದಲು ನನ್ನನ್ನು ಮನೆಗೆ ಕಳಿಸಿಬಿಟ್ಟರೆ ವಿಷಯ ಮುಗಿಯಿತೆಂದು ಎಲ್ಲರೂ ನೆಮ್ಮದಿಯಾಗುತ್ತಾರೆ, ನನ್ನನ್ನೂ ಸೇರಿಸಿ.

ಇಂತಿ,
ಕೇಳಿಸಿಕೊಂಡೂ ಬರೆಯದ, ತಮ್ಮ ಮಾದರಿ ಗುಮಾಸ್ತ,
ಚೆನ್ನರಾಯಪ್ಪ